ಸಕ್ಕರೆ ಇದ್ದೂ ಉಪವಾಸ ಬೀಳುವ ಯೀಸ್ಟ್

ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ‘ಕಂಪ್ಯೂಟರ್ ಜಾತಕ’ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಗಳನ್ನು ನೀವೂ ನೋಡಿರುತ್ತೀರಿ. ಜಾತಕದ ಮುಂದೆ ಕಂಪ್ಯೂಟರ್ ಅಂತ ಸೇರಿಸಿದ ಕೂಡಲೇ ಅದಕ್ಕೊಂದು ಗತ್ತು ಬಂದುಬಿಡುತ್ತದೆ. ನನಗೆ ಆ ಅಂಗಡಿಗಿಂತ ಜಾಸ್ತಿ ಕಿರಿಕಿರಿ ಮಾಡುವುದು ಇದರ ಉಲ್ಟಾ ಕೇಸು. ವಿಜ್ಞಾನಿಗಳು ಕಟ್ಟಿದ ಕಂಪ್ಯೂಟರ್ ಮಾದರಿಯನ್ನೂ ಜನ ಜಾತಕದ ಹಾಗೆಯೇ ಓದುತ್ತಾರೆ. ‘ಕಂಪ್ಯೂಟರ್ ಹೀಗಾಗುತ್ತೆ ಅಂದಿದೆಯಂತೆ!’ ಹಾಗಾಗದಿದ್ದರೆ, ‘ಬಿಡ್ರೀ, ಅದೆಲ್ಲ ಬೊಗಳೆ.’

ಮಾದರಿ ಭವಿಷ್ಯ ಹೇಳುವುದಿಲ್ಲ. ನೀವು ಕೊಟ್ಟ ನಿಯಮಗಳನ್ನು ಹಟ ಹಿಡಿದು ಪಾಲಿಸುತ್ತದೆ, ಅಷ್ಟೆ. ಪಾಲಿಸುತ್ತಾ ಹೋಗಿ ಕೆಲವೊಮ್ಮೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಆ ಸಿಕ್ಕಿಹಾಕಿಕೊಳ್ಳುವ ಜಾಗ ಇದೆಯಲ್ಲ, ಈ ಇಡೀ ವಿಷಯದಲ್ಲಿ ನನಗೆ ಅದರಷ್ಟು ಇಷ್ಟವಾದದ್ದು ಬೇರೆ ಇಲ್ಲ. ಯಾಕೆಂದರೆ ಸಾಫ್ಟ್‌ವೇರ್ ಸಿಕ್ಕಿಕೊಳ್ಳುವುದನ್ನೂ ಜೀವಕೋಶ ಸಿಕ್ಕಿಕೊಳ್ಳುವುದನ್ನೂ ಒಂದೇ ಬಗೆಯ ಚಿತ್ರದಲ್ಲಿ ಬರೆಯಬಹುದು.

ಆ ಚಿತ್ರದ ಹೆಸರು ಪೆಟ್ರಿ ನೆಟ್. ಲ್ಯಾಬಿನ ಪೆಟ್ರಿ ಡಿಶ್‌ಗೂ ಇದಕ್ಕೂ ಸಂಬಂಧವಿಲ್ಲ. ಅದು ರಾಬರ್ಟ್ ಕಾಖ್ ಹತ್ತಿರ ಕೆಲಸ ಮಾಡಿದ್ದ ಜೂಲಿಯಸ್ ಪೆಟ್ರಿಯದು, 1887ರದು. ಇವರು ಕಾರ್ಲ್ ಆಡಮ್ ಪೆಟ್ರಿ, 1926ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹುಟ್ಟಿದವರು. 1939ರಲ್ಲಿ, ಹದಿಮೂರರ ಹುಡುಗನಾಗಿದ್ದಾಗ, ರಾಸಾಯನಿಕ ಕ್ರಿಯೆಗಳನ್ನು ಬರೆದಿಡಲು ಈ ಚಿತ್ರದ ಕ್ರಮ ಹೊಳೆಯಿತು ಎನ್ನುವುದು ಅವರದೇ ಮಾತು. 1962ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಡಾಕ್ಟರೇಟ್ ಪಡೆದಾಗ ಅವರ ವಿಷಯ ಕೆಮಿಸ್ಟ್ರಿ ಅಲ್ಲ, ಯಂತ್ರಗಳ ನಡುವಿನ ಸಂವಹನ. ಅಲ್ಲಿಂದ ಮುಂದೆ ಮೂವತ್ತು ವರ್ಷ ಈ ನೆಟ್ ಹೆಚ್ಚಾಗಿ ಕಂಪ್ಯೂಟರ್‌ನವರ ಕೈಯಲ್ಲೇ ಬೆಳೆಯಿತು. 1993ರಲ್ಲಿ ರೆಡ್ಡಿ, ಮಾವ್ರೊವೂನಿಯೋಟಿಸ್ ಮತ್ತು ಲೀಬ್‌ಮನ್ ಎಂಬ ಮೂವರು ಇದರಲ್ಲಿ ಜೀವಕೋಶದ ಚಯಾಪಚಯವನ್ನು ಬರೆದು ತೋರಿಸಿದರು. ಕೆಮಿಸ್ಟ್ರಿಯ ಮಗಳು ತವರಿಗೆ ಬಂದಳು ಅನ್ನಿ.

ಅಳಗುಳಿ ಮಣೆ ಆಡಿದವರಿಗೆ (ಕರಾವಳಿಯವರಾದರೆ ಚೆನ್ನೆಮಣೆ) ಇದನ್ನು ಅರ್ಧ ವಿವರಿಸಿದರೆ ಸಾಕು. ಪೆಟ್ರಿ ನೆಟ್‌ನಲ್ಲೂ ಗುಂಡಿಗಳಿವೆ, ಗುಂಡಿಗಳಲ್ಲಿ ಬೀಜಗಳಿವೆ. ಆದರೆ ಬೀಜ ಎತ್ತಿ ಹಂಚಲು ಆಟಗಾರ ಇಲ್ಲ. ಗುಂಡಿಗಳ ನಡುವೆ ಗೇಟುಗಳಿವೆ. ಪ್ರತಿ ಗೇಟಿಗೂ ತನ್ನದೇ ಷರತ್ತು: ಇಂಥ ಗುಂಡಿಯಲ್ಲಿ ಇಷ್ಟು, ಅಂಥ ಗುಂಡಿಯಲ್ಲಿ ಅಷ್ಟು ಬೀಜ ಇದ್ದರೆ ಮಾತ್ರ ತೆರೆಯುತ್ತೇನೆ. ತೆರೆದಾಗ ಆ ಬೀಜಗಳನ್ನು ನುಂಗುತ್ತದೆ. ಆಚೆ ಕಡೆಯ ಗುಂಡಿಗಳಿಗೆ ಹೊಸ ಬೀಜ ಹಾಕುತ್ತದೆ. ಮಣೆಯಲ್ಲಿ ಬೀಜದ ಒಟ್ಟು ಲೆಕ್ಕ ಎಂದೂ ಬದಲಾಗದು. ಇಲ್ಲಿ ಬದಲಾಗಬಹುದು. ಹೈಡ್ರೋಜನ್ ಅಣು ಎರಡು, ಆಕ್ಸಿಜನ್ ಅಣು ಒಂದು ಒಳಗೆ ಹೋದರೆ ನೀರಿನ ಅಣು ಎರಡು ಹೊರಗೆ. ಮೂರು ಹೋಗಿ ಎರಡು ಬಂತು.

ಇನ್ನೊಂದು ನಿಯಮ ಇದೆ, ಅದೇ ಮುಖ್ಯ. ಎರಡು ಗೇಟುಗಳು ಒಂದೇ ಬೀಜದ ಮೇಲೆ ಕಣ್ಣಿಟ್ಟಿದ್ದರೆ, ಯಾವುದು ಮೊದಲು ತೆರೆಯಿತೋ ಅದಕ್ಕೇ ಬೀಜ. ಇನ್ನೊಂದು ಕಾಯಬೇಕು. ಯಾವ ಗೇಟಿಗೂ ಇಡೀ ಮಣೆ ಕಾಣುವುದಿಲ್ಲ. ಮೇಲೆ ನಿಂತು ‘ನೀನು ಮೊದಲು, ನೀನು ಆಮೇಲೆ’ ಅನ್ನುವ ಯಜಮಾನನೂ ಇಲ್ಲ. ಹಾಗಾಗಿ ಪೆಟ್ರಿ ನೆಟ್ ಅಂದರೆ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅನ್ನುವುದರ ನಕ್ಷೆ. ಸಾಫ್ಟ್‌ವೇರ್ ಆಗಲಿ, ಜೀವಕೋಶ ಆಗಲಿ, ಬಹುಪಾಲು ಹೊತ್ತು ಕಾಯುತ್ತಲೇ ಇರುತ್ತದೆ.

ಸಾಫ್ಟ್‌ವೇರಿನ ಕಾಯುವಿಕೆಯನ್ನು 1965ರಲ್ಲಿ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಒಂದು ಪರೀಕ್ಷೆಯ ಪ್ರಶ್ನೆಯಾಗಿ ಕೊಟ್ಟರು. ಐದು ಕಂಪ್ಯೂಟರ್‌ಗಳು ಟೇಪ್ ಡ್ರೈವ್‌ಗಳಿಗಾಗಿ ಪೈಪೋಟಿ ನಡೆಸುತ್ತವೆ. ನಮ್ಮ ಎಂಜಿನಿಯರಿಂಗ್ ಹುಡುಗರು ಇದನ್ನು ಊಟಕ್ಕೆ ಕೂತ ಐವರು ತತ್ವಜ್ಞಾನಿಗಳ ಕಥೆಯಾಗಿ ಉರು ಹೊಡೆಯುತ್ತಾರೆ. ಆ ವೇಷ ತೊಡಿಸಿದ್ದು ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್. ವಿಷಯ ಇಷ್ಟೇ: ಡ್ರೈವ್‌ಗಳೂ ಐದು, ಪ್ರತಿಯೊಬ್ಬರಿಗೂ ಎರಡು ಬೇಕು, ಎರಡನ್ನೂ ಅಕ್ಕಪಕ್ಕದವರೊಡನೆ ಹಂಚಿಕೊಳ್ಳಬೇಕು. ಎಲ್ಲರೂ ಒಟ್ಟಿಗೆ ಒಂದೊಂದು ಹಿಡಿದುಕೊಂಡರೆ ಮುಗಿಯಿತು. ಯಾರೂ ತಪ್ಪು ಮಾಡಿಲ್ಲ, ಯಾವ ಎರರ್ ಮೆಸೇಜೂ ಇಲ್ಲ. ಐವರೂ ಎರಡನೆಯದಕ್ಕಾಗಿ ಕಾಯುತ್ತಾ ಕೂತಿರುತ್ತಾರೆ. ಇದಕ್ಕೊಂದು ಸುಲಭ ಮದ್ದು ಉಂಟು. ಒಮ್ಮೆಗೆ ನಾಲ್ವರನ್ನು ಮಾತ್ರ ಒಳಗೆ ಬಿಡಿ. ಆಗ ಒಬ್ಬರಿಗಾದರೂ ಎರಡೂ ಸಿಗುತ್ತದೆ, ಚಕ್ರ ತಿರುಗುತ್ತದೆ. ಈ ಮದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಚೆನ್ನಾಗಿ ಟೆಸ್ಟ್ ಮಾಡಿದರೆ ಇಂಥದ್ದು ಸಿಕ್ಕಿಬೀಳುತ್ತದೆ’ ಅಂತ ಬೆಂಗಳೂರಿನ ಆಫೀಸುಗಳಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಲೆಕ್ಕ ನೋಡಿ. ಎರಡೇ ಪ್ರೋಗ್ರಾಂ, ಒಂದೊಂದರಲ್ಲಿ ಹತ್ತೇ ಹೆಜ್ಜೆ. ಅವು ಒಂದರೊಳಗೊಂದು ಹೆಣೆದುಕೊಳ್ಳುವ ಬಗೆಗಳು 1,84,756. ಅದರಲ್ಲಿ ಒಂದೇ ಒಂದು ಹೆಣಿಗೆ ಕೆಟ್ಟದ್ದಿರಬಹುದು, ಅದು ಟೆಸ್ಟಿನಲ್ಲಿ ಬಾರದೆ ಮಂಗಳ ಗ್ರಹದಲ್ಲಿ ಬರಬಹುದು. ಬಂದೂ ಇದೆ. 1997ರ ಜುಲೈ 4ರಂದು ಇಳಿದ ನಾಸಾದ ಪಾತ್‌ಫೈಂಡರ್ ಅಲ್ಲಿ ತನ್ನಷ್ಟಕ್ಕೆ ರೀಸೆಟ್ ಆಗತೊಡಗಿತು. ಹವಾಮಾನದ ದತ್ತಾಂಶ ತುಂಬುವ ಸಣ್ಣ ಕೆಲಸವೊಂದು, ಒಮ್ಮೆಗೆ ಒಂದೇ ಕೆಲಸಕ್ಕೆ ಸಿಗುವ ಬೀಗವನ್ನು ಹಿಡಿದಿತ್ತು. ಅದೇ ಬೀಗಕ್ಕಾಗಿ ಎಲ್ಲಕ್ಕಿಂತ ತುರ್ತಿನ ಕೆಲಸ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ದರ್ಜೆಯ ಸಂಪರ್ಕದ ಕೆಲಸ ನುಗ್ಗಿ ಸಣ್ಣದನ್ನು ಬದಿಗೆ ತಳ್ಳಿತು. ಸಣ್ಣದು ಬೀಗ ಬಿಡುವುದಕ್ಕೆ ಆಗದು, ದೊಡ್ಡದು ಕೆಲಸ ಶುರುಮಾಡುವುದಕ್ಕೆ ಆಗದು. ಕಾವಲು ಟೈಮರ್ ಇದನ್ನು ಕಂಡು ಇಡೀ ಗಣಕವನ್ನೇ ಹೊಸದಾಗಿ ಶುರುಮಾಡುತ್ತಿತ್ತು. ಭೂಮಿಯಲ್ಲಿದ್ದ ತದ್ರೂಪಿ ಯಂತ್ರದಲ್ಲಿ ಅದೇ ಎಡವಟ್ಟು ಮತ್ತೆ ಆಗುವ ತನಕ ಓಡಿಸಿ ನೋಡಿದ ಮೇಲೆ ಕಾರಣ ಸಿಕ್ಕಿತು. ಬೀಗ ಹಿಡಿದ ಸಣ್ಣ ಕೆಲಸಕ್ಕೆ ಆ ಹೊತ್ತಿನ ಮಟ್ಟಿಗೆ ದೊಡ್ಡದರ ದರ್ಜೆ ಕೊಡುವಂತೆ ಇಲ್ಲಿಂದಲೇ ಸೆಟ್ಟಿಂಗ್ ಬದಲಿಸಿದರು.

ಈಗ ಯೀಸ್ಟ್. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಅದೇ ಯೀಸ್ಟ್. ಅದು ಸಕ್ಕರೆಯಿಂದ ಶಕ್ತಿ ಪಡೆಯುವ ದಾರಿಗೆ ಗ್ಲೈಕಾಲಿಸಿಸ್ ಅನ್ನುತ್ತಾರೆ, ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೇ. ಬಾಯಿಪಾಠದಲ್ಲಿ ಕಾಣದ ಒಂದು ಸಂಗತಿ ಆ ದಾರಿಯ ಬಾಗಿಲಲ್ಲೇ ಇದೆ. ಇಲ್ಲಿ ಮೊದಲು ಖರ್ಚು, ಆಮೇಲೆ ಆದಾಯ. ಇಲ್ಲಿ ಗೇಟು ಅಂದರೆ ಕಿಣ್ವ. ಹೆಕ್ಸೊಕೈನೇಸ್ ಎಂಬ ಮೊದಲ ಗೇಟು ಒಂದು ಗ್ಲೂಕೋಸ್ ಜೊತೆ ಒಂದು ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ನುಂಗುತ್ತದೆ. ಸಕ್ಕರೆ ಸ್ವಲ್ಪ ರೂಪ ಬದಲಿಸುತ್ತದೆ. ಫಾಸ್ಫೊಫ್ರಕ್ಟೊಕೈನೇಸ್ ಎಂಬ ಗೇಟು ಇನ್ನೊಂದು ಎಟಿಪಿ ನುಂಗುತ್ತದೆ. ಆಮೇಲೆ ಸಕ್ಕರೆ ಎರಡು ತುಂಡಾಗಿ, ಕೆಳಗಿನ ಗೇಟುಗಳಲ್ಲಿ ಒಟ್ಟು ನಾಲ್ಕು ಎಟಿಪಿ ಬರುತ್ತವೆ. ಕೊಟ್ಟದ್ದು ಎರಡು, ಬಂದದ್ದು ನಾಲ್ಕು.

ಒಂದು ಹಾಳೆ ತೆಗೆದುಕೊಂಡು ಆಡಿ ನೋಡಿ. ಎಟಿಪಿ ಗುಂಡಿಯಲ್ಲಿ ಎರಡು ಬೀಜ, ಖಾಲಿಯಾದ ಎಟಿಪಿ ಅಂದರೆ ಎಡಿಪಿಯ ಗುಂಡಿಯಲ್ಲಿ ಎರಡು ಬೀಜ ಇಡಿ. ಗ್ಲೂಕೋಸ್ ಒಂದು. ಮೊದಲ ಗೇಟು ತೆರೆಯಿತು: ಎಟಿಪಿ ಒಂದು, ಎಡಿಪಿ ಮೂರು. ಮುಂದಿನದು ತೆರೆಯಿತು: ಎಟಿಪಿ ಸೊನ್ನೆ, ಎಡಿಪಿ ನಾಲ್ಕು. ಕೆಳಗಿನ ಗೇಟುಗಳು ಆ ನಾಲ್ಕನ್ನೂ ತುಂಬಿ ವಾಪಸ್ ಕೊಟ್ಟವು: ಎಟಿಪಿ ನಾಲ್ಕು. ಎರಡೂ ಗುಂಡಿ ಕೂಡಿಸಿದರೆ ಯಾವಾಗಲೂ ನಾಲ್ಕೇ, ಗಮನಿಸಿದಿರಾ? ಇಂಥ ಬದಲಾಗದ ಮೊತ್ತಗಳನ್ನು ಆಟ ಆಡದೆಯೂ ಗಣಿತದಿಂದ ಹುಡುಕಿ ತೆಗೆಯಬಹುದು. ಸಾಫ್ಟ್‌ವೇರಿನಲ್ಲಿ ಒಂದು ಬೀಗ ಬಿಡುವಾಗಿರಬೇಕು, ಇಲ್ಲವೇ ಯಾರದಾದರೂ ಕೈಯಲ್ಲಿರಬೇಕು, ಕೂಡಿಸಿದರೆ ಒಂದು. ಅದೂ ಇದೂ ಒಂದೇ ಲೆಕ್ಕ.

ಈಗ ಅದೇ ಎರಡು ಎಟಿಪಿ, ಗ್ಲೂಕೋಸ್ ಮಾತ್ರ ಎರಡು. ಮೊದಲ ಗೇಟು ಅವಸರಪಟ್ಟು ಎರಡು ಸಲ ತೆರೆಯಿತು ಅಂತಿಟ್ಟುಕೊಳ್ಳಿ. ಎಟಿಪಿ ಖಾಲಿ. ಎರಡೂ ಸಕ್ಕರೆ ಅರ್ಧ ದಾರಿಯಲ್ಲಿ, ತಲಾ ಇನ್ನೊಂದು ಎಟಿಪಿಗಾಗಿ ಕಾಯುತ್ತಾ ನಿಂತಿವೆ. ಆ ಎಟಿಪಿ ಬರಬೇಕಾದದ್ದು ಇವೇ ಮುಂದೆ ಹೋದರೆ. ಟೇಪ್ ಡ್ರೈವ್ ಕಥೆಯೇ ಅಲ್ವಾ? ಸಕ್ಕರೆ ಜಾಸ್ತಿ ಮಾಡಿ, ಇನ್ನೂ ಕೆಡುತ್ತದೆ. ಗ್ಲೂಕೋಸ್ ಬೇಕಾದಷ್ಟಿದ್ದರೆ, ಎಟಿಪಿ ಎಷ್ಟೇ ಇಟ್ಟುಕೊಂಡರೂ, ಎಲ್ಲವೂ ಅರ್ಧದಲ್ಲಿ ನಿಲ್ಲುವ ಒಂದು ಕ್ರಮ ಇದ್ದೇ ಇರುತ್ತದೆ.

ಇಷ್ಟಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ ನೋಡಿ. ಮಾದರಿ ಅಂದ ಕೂಡಲೇ ದೊಡ್ಡ ಯಂತ್ರ ಕಣ್ಮುಂದೆ ಬರುವುದು ಸುಮ್ನೆ ಅಭ್ಯಾಸ. ನರದಲ್ಲಿ ಮಿಡಿತ ಹೇಗೆ ಹರಿಯುತ್ತದೆ ಅನ್ನುವ ಹಾಜ್‌ಕಿನ್–ಹಕ್ಸ್‌ಲಿ ಮಾದರಿ 1952ರಲ್ಲಿ ಅಚ್ಚಾಯಿತು, 1963ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಲೆಕ್ಕ ಮಾಡುವ ಹೊತ್ತಿಗೆ ಕೇಂಬ್ರಿಡ್ಜಿನ ಕಂಪ್ಯೂಟರ್ ಬಂದ್ ಆಗಿತ್ತು. ಆಂಡ್ರ್ಯೂ ಹಕ್ಸ್‌ಲಿ ಬ್ರನ್ಸ್‌ವಿಗಾ ಅನ್ನುವ, ಹಿಡಿ ತಿರುಗಿಸುವ ಯಂತ್ರದಲ್ಲಿ ಕೂತು ಸಮೀಕರಣಗಳನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದರು.

ನಮ್ಮ ಹಾಳೆಯ ಆಟ ನಿಜವಾದ ಯೀಸ್ಟ್‌ನಲ್ಲಿ ನಡೆಯುತ್ತದೆಯೇ? ಟಿಪಿಎಸ್1 ಎಂಬ ಜೀನ್ ಕಳೆದುಕೊಂಡ ಯೀಸ್ಟ್ ತಳಿಯೊಂದಿದೆ. ಗ್ಯಾಲಕ್ಟೋಸ್ ಕೊಟ್ಟರೆ ಬೆಳೆಯುತ್ತದೆ. ಗ್ಲೂಕೋಸ್ ಕೊಟ್ಟರೆ, ಅಂದರೆ ಯೀಸ್ಟ್‌ನ ಮೆಚ್ಚಿನ ಊಟವನ್ನೇ ಬಡಿಸಿದರೆ, ನಿಂತುಬಿಡುತ್ತದೆ. ಒಳಗೆ ಫಾಸ್ಫೇಟ್ ಅಂಟಿದ ಸಕ್ಕರೆ ರಾಶಿ ಬಿದ್ದಿರುತ್ತದೆ, ಎಟಿಪಿ ಪಾತಾಳ ಕಂಡಿರುತ್ತದೆ. ವಿಚಿತ್ರ ಏನೆಂದರೆ ಆ ಜೀನಿನ ಕೆಲಸ ಟ್ರೆಹಲೋಸ್ ಎಂಬ ಇನ್ನೊಂದು ಸಕ್ಕರೆಯನ್ನು ತಯಾರಿಸುವುದು. ಗ್ಲೂಕೋಸ್ ಜೀರ್ಣಿಸಲು ಅದ್ಯಾಕೆ ಬೇಕು? 1998ರಲ್ಲಿ ನೆದರ್‌ಲ್ಯಾಂಡ್ಸ್‌ನ ಬಾಸ್ ಟಾಯ್ಸಿಂಕ್ ಮತ್ತು ಜೊತೆಗಾರರು ಮಾದರಿ ಹಾಕಿ, ದೋಷ ಈ ದಾರಿಯ ವಿನ್ಯಾಸದಲ್ಲೇ ಇದೆ ಅಂತ ತೋರಿಸಿದರು. ಆದಾಯದ ಒಂದು ಪಾಲನ್ನು ಮತ್ತೆ ಬಾಗಿಲಿಗೇ ಸುರಿಯುವ ದಾರಿಗೆ ಬ್ರೇಕ್ ಇಲ್ಲದಿದ್ದರೆ ಅದು ತನ್ನ ವೇಗಕ್ಕೆ ತಾನೇ ಕೆಡುತ್ತದೆ. ಟ್ರೆಹಲೋಸ್ ತಯಾರಿಕೆಯ ನಡುವೆ ಹುಟ್ಟುವ ವಸ್ತುವೊಂದು ಹೆಕ್ಸೊಕೈನೇಸ್ ಗೇಟನ್ನು ಅದುಮಿ ಹಿಡಿಯುತ್ತದೆ. ಅದೇ ಆ ಬ್ರೇಕು. ಒಮ್ಮೆಗೆ ನಾಲ್ವರನ್ನು ಮಾತ್ರ ಒಳಗೆ ಬಿಡುವ ಉಪಾಯ, ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುವ ಎಷ್ಟೋ ಮೊದಲೇ ಯೀಸ್ಟ್‌ಗೆ ಗೊತ್ತಿತ್ತು.

ಒಂದು ಎಚ್ಚರಿಕೆ. ಹಾಳೆಯ ಆಟ ಪೂರ್ತಿ ನಿಜವಲ್ಲ. ನಿಜವಾದ ಕೋಶದಲ್ಲಿ ಗಂಟು ಬೀಳುವುದು ಇನ್ನೂ ಸ್ವಲ್ಪ ಕೆಳಗೆ. ಸಕ್ಕರೆಗೆ ಅಂಟಿ ಅಂಟಿ ಬಿಡಿ ಫಾಸ್ಫೇಟ್ ಮುಗಿದುಹೋಗುತ್ತದೆ, ಕೆಳಗಿನ ಗೇಟುಗಳಿಗೆ ಬೇಕಾದದ್ದು ಅದೇ. ಗೇಟುಗಳ ವೇಗವನ್ನೂ ಲೆಕ್ಕಕ್ಕೆ ಹಿಡಿದಾಗ ಮಾತ್ರ ಇದು ಕಾಣುತ್ತದೆ. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತಂಡ ಹಾಗೆ ಮಾಡಿದಾಗ ಮಾದರಿ ಇನ್ನೊಂದು ವಿಷಯ ಹೊರಹಾಕಿತು. ಅದೇ ಕೋಶ, ಅದೇ ನಿಯಮ, ಆದರೂ ನೆಲೆ ನಿಲ್ಲಬಲ್ಲ ಸ್ಥಿತಿಗಳು ಎರಡು: ಒಂದು ಓಡುವುದು, ಒಂದು ಸಿಕ್ಕಿಕೊಂಡದ್ದು. ಶುರುವಿನಲ್ಲಿ ಕೋಶದೊಳಗೆ ಏನೆಷ್ಟಿತ್ತು ಅನ್ನುವ ಸಣ್ಣ ವ್ಯತ್ಯಾಸದ ಮೇಲೆ ಯಾವ ಕಡೆ ಅನ್ನುವುದು ತೀರ್ಮಾನವಾಗುತ್ತದೆ. ಹಾಗಾದರೆ ಆರೋಗ್ಯವಂತ ಯೀಸ್ಟ್‌ನಲ್ಲೂ ಕೆಲವು ಸಿಕ್ಕಿಕೊಳ್ಳಬೇಕಲ್ಲ? ಕೋಶಗಳನ್ನು ಒಂದೊಂದಾಗಿ ನೋಡಿದರು. ಜೀನು ಸರಿ ಇರುವ ಗುಂಪಿನಲ್ಲೂ ಒಂದು ಸಣ್ಣ ಪಾಲು ಗ್ಲೂಕೋಸ್ ಕಂಡ ಕೂಡಲೇ ಸಿಕ್ಕಿಕೊಳ್ಳುತ್ತಿತ್ತು. ಜೀನು ಇಲ್ಲದ ಗುಂಪಿನಲ್ಲಿ ಕೆಲವೇ ಕೆಲವು ಬಚಾವಾಗುತ್ತಿದ್ದವು. ಲಕ್ಷಾಂತರ ಕೋಶಗಳ ಸರಾಸರಿ ನೋಡುತ್ತಿದ್ದಷ್ಟು ದಿನ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಇಡೀ ಜೀವಿಯನ್ನೇ ಹೀಗೆ ಬರೆಯಬಹುದೇ ಅಂತ ಕೇಳುವವರಿಗೆ ಸ್ಟ್ಯಾನ್‌ಫರ್ಡ್‌ನ ಮಾರ್ಕಸ್ ಕವರ್ಟ್ ತಂಡ 2012ರಲ್ಲಿ ಉತ್ತರ ಕೊಟ್ಟಿತು. ಆರಿಸಿಕೊಂಡದ್ದು ಮೈಕೊಪ್ಲಾಸ್ಮಾ ಜೆನಿಟೇಲಿಯಂ, ಬರೀ 525 ಜೀನುಗಳ ಪುಟ್ಟ ಬ್ಯಾಕ್ಟೀರಿಯಾ. ಎಲ್ಲವನ್ನೂ ಒಂದೇ ಬಗೆಯ ಗಣಿತಕ್ಕೆ ಹಾಕಲು ಹೋಗದೆ 28 ಭಾಗ ಮಾಡಿದರು. ಇದು ಸಾಫ್ಟ್‌ವೇರಿನವರ ಬುದ್ಧಿ. ಪ್ರತಿ ಭಾಗಕ್ಕೂ ತನಗೆ ಒಪ್ಪುವ ಗಣಿತ. ಒಂದು ಸೆಕೆಂಡಿನ ಮಟ್ಟಿಗೆ ಎಲ್ಲವೂ ತಮ್ಮ ಪಾಡಿಗೆ ನಡೆಯುತ್ತವೆ, ಸೆಕೆಂಡಿನ ಕೊನೆಗೆ ಲೆಕ್ಕ ಹಂಚಿಕೊಳ್ಳುತ್ತವೆ, ಮತ್ತೆ ಮುಂದಿನ ಸೆಕೆಂಡು. ಆಮೇಲೆ ಒಂದೊಂದೇ ಜೀನ್ ಕೆಡಿಸಿ ನೋಡಿದರು, ಮಾದರಿಯಲ್ಲೂ, ಲ್ಯಾಬಿನಲ್ಲೂ. ಕೆಲವು ಕಡೆ ಬೆಳವಣಿಗೆಯ ವೇಗ ಹೊಂದಲಿಲ್ಲ. ‘ಬೊಗಳೆ’ ಅಂದು ಎದ್ದು ಹೋಗಬಹುದಿತ್ತು. ಅವರು ಮಾಡಿದ್ದು ಬೇರೆ: ಹೊಂದದ ಜಾಗಗಳಲ್ಲಿ ಯಾವ ಕಿಣ್ವದ ವೇಗ ಎಷ್ಟಿದ್ದರೆ ಲೆಕ್ಕ ಸರಿಹೋಗುತ್ತದೆ ಅಂತ ಮಾದರಿಯಿಂದಲೇ ತೆಗೆದು, ಆ ಕಿಣ್ವಗಳನ್ನು ಲ್ಯಾಬಿನಲ್ಲಿ ಅಳೆದರು. 2013ರಲ್ಲಿ ಆ ಅಳತೆಗಳು ಪ್ರಕಟವಾದವು. ಮಾದರಿ ಊಹಿಸಿದ ವೇಗಕ್ಕೂ ಅಳೆದು ಸಿಕ್ಕ ವೇಗಕ್ಕೂ ತಾಳೆಯಾಗಿತ್ತು.