ಕರ್ನಲ್ ಲಾಗ್‌ನಲ್ಲಿ ಉಷ್ಣತೆಯ ಎಚ್ಚರಿಕೆ: ಪ್ರೊಸೆಸರ್ ಸುಟ್ಟುಹೋಗುತ್ತದೆಯೇ?

ಪ್ರಶ್ನೆ: ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ. ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವಾಗ, ಉಷ್ಣತೆ ಮಿತಿ ಮೀರಿದೆ, ಸಿಪಿಯು ವೇಗ ತಗ್ಗಿದೆ ಎಂಬ ಸಾಲುಗಳು ಕರ್ನಲ್ ಲಾಗ್‌ನಲ್ಲಿ (ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಾಖಲೆ) ಬರುತ್ತವೆ. ಪ್ರೊಸೆಸರ್ ಹಾಳಾಗುತ್ತಿದೆಯೇ?

ಉತ್ತರ: ಇಲ್ಲ. ಆ ಸಾಲು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಪ್ರೊಸೆಸರ್ ತನ್ನ ರಕ್ಷಣೆಯನ್ನು ತಾನೇ ಮಾಡಿಕೊಂಡಾಗಿರುತ್ತದೆ. ಚಿಪ್‌ನೊಳಗಿನ ಸೆನ್ಸರ್ ಮಿತಿಯನ್ನು ಮುಟ್ಟಿದ ಕೂಡಲೇ (ಬಹಳಷ್ಟು ಇಂಟೆಲ್ ಚಿಪ್‌ಗಳಲ್ಲಿ ಇದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸು) ಹಾರ್ಡ್‌ವೇರ್ ತಾನಾಗಿಯೇ ವೇಗ ಇಳಿಸುತ್ತದೆ, ಜೊತೆಗೆ ಕರ್ನಲ್‌ಗೆ ಒಂದು ಇಂಟರಪ್ಟ್ (ತುರ್ತು ಸೂಚನೆ) ಕಳಿಸುತ್ತದೆ. ಕರ್ನಲ್ ಇಲ್ಲಿ ಮುಖ್ಯವಾಗಿ ವರದಿಗಾರ: ಹೀಗೆ ಎಷ್ಟು ಸಲ ಆಯಿತೆಂಬ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ, ಲಾಗ್‌ಗೆ ಬರೆಯುತ್ತದೆ.

ಇಡೀ ಪ್ಯಾಕೇಜ್ (ಎಲ್ಲ ಕೋರ್‌ಗಳೂ ಇರುವ ಪೂರ್ತಿ ಚಿಪ್) ಬಿಸಿಯಾದರೆ ಇಂಟರಪ್ಟ್ ಎಲ್ಲ ಸಿಪಿಯುಗಳಿಗೂ ಹೋಗುತ್ತದೆ; ಕರ್ನಲ್ ಪ್ರೊಸೆಸರ್‌ನ ಪ್ರತಿ ಥ್ರೆಡ್ಡನ್ನೂ ಒಂದೊಂದು ಸಿಪಿಯು ಎಂದೇ ಎಣಿಸುತ್ತದೆ. ಎಂಟು ಥ್ರೆಡ್‌ಗಳ ಯಂತ್ರದಲ್ಲಿ ಒಂದೇ ಘಟನೆಗೆ ಎಂಟು ಸಾಲು ಬೀಳುವುದು ಇದೇ ಕಾರಣಕ್ಕೆ. ಹಳೆಯ ಕರ್ನಲ್‌ಗಳು ಕ್ಷಣಮಾತ್ರದ ಏರಿಕೆಯನ್ನೂ ಗಂಭೀರ ದೋಷದ ದರ್ಜೆಯಲ್ಲಿ ಬರೆದು ಜನರನ್ನು ಸುಮ್ಮನೆ ಹೆದರಿಸುತ್ತಿದ್ದವು. 2020ರ ಆರಂಭದಲ್ಲಿ ಬಂದ 5.5ನೇ ಆವೃತ್ತಿ ಅದನ್ನು ಬರಿಯ ಎಚ್ಚರಿಕೆಯ ದರ್ಜೆಗೆ ಇಳಿಸಿತು; ಬಿಸಿ ಕೆಲವು ಸೆಕೆಂಡು ಇಳಿಯದೆ ನಿಂತರೆ ಮಾತ್ರ ಬರೆಯುವಂತೆ ಮಾಡಿತು. ನನ್ನ ದೃಷ್ಟಿಯಲ್ಲಿ ಬಹಳ ಒಳ್ಳೆಯ ಬದಲಾವಣೆ.

ಇದರಾಚೆ ಕರ್ನಲ್‌ನ ಥರ್ಮಲ್ ವ್ಯವಸ್ಥೆ ಬೇರೆಯೇ ಇದೆ. ಅದು ಟ್ರಿಪ್ ಪಾಯಿಂಟ್‌ಗಳೆಂಬ ಹಂತಗಳನ್ನು ನೋಡಿಕೊಂಡು ಫ್ಯಾನ್ ಓಡಿಸುತ್ತದೆ, ವೇಗ ಕಡಿಮೆ ಮಾಡುತ್ತದೆ; ‘ಕ್ರಿಟಿಕಲ್’ ಹಂತ ದಾಟಿದರೆ ಯಂತ್ರವನ್ನು ಕ್ರಮವಾಗಿ ಶಟ್‌ಡೌನ್ ಮಾಡುತ್ತದೆ. ಅದೂ ಕೈಕೊಟ್ಟರೆ ಹಾರ್ಡ್‌ವೇರ್ ಯಾರನ್ನೂ ಕೇಳದೆ ವಿದ್ಯುತ್ತನ್ನೇ ಕಡಿತಗೊಳಿಸುತ್ತದೆ.

ಹಾಗಾದರೆ ನೀವು ನೋಡಬೇಕಾದದ್ದು ಏನು? ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಫೈಲುಗಳಂತೆ ತೋರಿಸುವ ಜಾಗ, /sys) ಪ್ರತಿ ಸಿಪಿಯು ಹೆಸರಿನಡಿ ‘ಥರ್ಮಲ್ ಥ್ರಾಟಲ್’ ಎಂಬ ಫೋಲ್ಡರ್ ಇದೆ. ಅದರಲ್ಲಿರುವ ಎಣಿಕೆಯನ್ನು ಕಂಪೈಲ್‌ಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿ. ಹೊಸ ಕರ್ನಲ್‌ಗಳಲ್ಲಿ ವೇಗ ತಗ್ಗಿದ್ದ ಒಟ್ಟು ಅವಧಿಯೂ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ, ಎಣಿಕೆಗಿಂತ ಹೆಚ್ಚು ಹೇಳುವುದು ಅದೇ. ಭಾರದ ಕೆಲಸದಲ್ಲಿ ಮಾತ್ರ ಏರಿದರೆ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದು ಸಹಜ. ಬರಿಯ ಬ್ರೌಸರ್ ತೆರೆದಿಟ್ಟಾಗಲೂ ಏರುತ್ತಿದ್ದರೆ ಫ್ಯಾನ್‌ನ ದೂಳು ತೆಗೆಸಿ, ಹಳೆಯ ಯಂತ್ರವಾದರೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ) ಬದಲಾಯಿಸಿ.