ಕೋವಿಡ್ ಕಾಲದಲ್ಲಿ ವಿದ್ಯಾರ್ಥಿಗಳ ಊಟ ಕೆಟ್ಟಿತೇ, ಸುಧಾರಿಸಿತೇ?

ಪ್ರಶ್ನೆ: ಕೋವಿಡ್ ಕಾಲದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮನೆಯೂಟಕ್ಕೆ ಮರಳಿ ಆರೋಗ್ಯ ಸುಧಾರಿಸಿಕೊಂಡರು ಎಂದು ಕೆಲವರು ಹೇಳಿದರೆ, ಕುರುಕಲು ತಿಂಡಿಯ ಚಟ ಹತ್ತಿಸಿಕೊಂಡರು ಎಂದು ಇನ್ನು ಕೆಲವರು ಹೇಳುತ್ತಾರೆ. ಇವುಗಳಲ್ಲಿ ಯಾವುದು ನಿಜ?

ಉತ್ತರ: ಎರಡೂ ನಿಜ. ಎಷ್ಟೋ ವೇಳೆ ಒಬ್ಬರೇ ವಿದ್ಯಾರ್ಥಿಯ ವಿಷಯದಲ್ಲಿಯೂ ಎರಡೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದ ಆಸುಪಾಸಿನ ವಾರಗಳಲ್ಲಿ ಬಹುತೇಕ ದೇಶಗಳ ವಿಶ್ವವಿದ್ಯಾಲಯಗಳು ಬಾಗಿಲು ಮುಚ್ಚಿ ಪಾಠವನ್ನು ಆನ್‌ಲೈನ್‌ಗೆ ಸಾಗಿಸಿದವು. ಅಲ್ಲಿಂದಾಚೆಗೆ ವಿದ್ಯಾರ್ಥಿಗಳ ಊಟವನ್ನು ನಿರ್ಧರಿಸಿದ್ದು, ಸೋಂಕಿನ ಭಯಕ್ಕಿಂತ ಹೆಚ್ಚಾಗಿ, ಅವರು ಆ ತಿಂಗಳುಗಳನ್ನು ಎಲ್ಲಿ ಮತ್ತು ಯಾರ ಖರ್ಚಿನಲ್ಲಿ ಕಳೆದರು ಎಂಬ ಸಂಗತಿ.

ಹೆತ್ತವರ ಮನೆಗೆ ಮರಳಿದವರಿಗೆ ಸಾಮಾನ್ಯವಾಗಿ ಬಿಸಿ ಅಡುಗೆ ಸಿಕ್ಕಿತು. ಹೋಟೆಲ್ ಊಟ ತಪ್ಪಿತು. ಗೆಳೆಯರ ಕೂಟಗಳು ನಿಂತದ್ದರಿಂದ ಅನೇಕರಲ್ಲಿ ಮದ್ಯಪಾನವೂ ತಗ್ಗಿತು. ಆದರೆ ಅದೇ ಮನೆಯಲ್ಲಿ ದಿನಚರಿಯ ಕಟ್ಟು ಸಡಿಲವಾಯಿತು. ತರಗತಿಗೆ ನಡೆದುಹೋಗುವ, ಬಿಡುವಿನಲ್ಲಿ ಉಣ್ಣುವ ನಿಗದಿತ ಹೊತ್ತುಗಳು ಇಲ್ಲವಾದಾಗ ರಾತ್ರಿ ತಡವಾಗಿ ಮಲಗುವುದು, ಬೆಳಗಿನ ಉಪಾಹಾರವನ್ನು ಬಿಡುವುದು, ಪರದೆಯ ಮುಂದೆ ಕುಳಿತು ಆಗಾಗ ಬಾಯಾಡಿಸುವುದು ರೂಢಿಯಾದವು. ನಿದ್ದೆ ಕಡಿಮೆಯಾದಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಏರುವುದನ್ನೂ ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಇಳಿಯುವುದನ್ನೂ ಹಲವು ಪ್ರಯೋಗಗಳು ಕಂಡಿವೆ. ಇದಕ್ಕೆ ಪರೀಕ್ಷೆಗಳ ಅನಿಶ್ಚಿತತೆ ಮತ್ತು ಬೇಸರ ಸೇರಿದಾಗ ಮನಸ್ಸು ಸಿಹಿ ಹಾಗೂ ಕರಿದ ತಿಂಡಿಯತ್ತ ವಾಲುವುದು ಸಹಜವೇ. ಅದನ್ನು ಬರಿಯ ಶಿಸ್ತಿನ ಕೊರತೆ ಎಂದು ಬೈಯುವುದು ನ್ಯಾಯವಲ್ಲ. ಒತ್ತಡದಲ್ಲಿ ಹಸಿವೇ ಸತ್ತುಹೋದವರೂ ಇದ್ದರು.

ಈ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವವರು ಮನೆಗೆ ಹೋಗಲಾರದೆ ಹಾಸ್ಟೆಲ್‌ನಲ್ಲಿಯೋ ಬಾಡಿಗೆ ಕೋಣೆಯಲ್ಲಿಯೋ ಉಳಿದವರು, ವಿಶೇಷವಾಗಿ ಗಡಿಗಳು ಮುಚ್ಚಿದ್ದರಿಂದ ಸಿಕ್ಕಿಬಿದ್ದ ವಿದೇಶಿ ವಿದ್ಯಾರ್ಥಿಗಳು. ಮೆಸ್ ಮುಚ್ಚಿತ್ತು, ಅರೆಕಾಲಿಕ ಕೆಲಸ ಹೋಗಿತ್ತು. ಇಂಥವರಲ್ಲಿ ಅನೇಕರು ಹಣ ಉಳಿಸಲು ಒಂದು ಹೊತ್ತಿನ ಊಟ ಬಿಟ್ಟರು. ಹಣ್ಣು, ತರಕಾರಿಗಳ ಬದಲು ಕೆಡದೆ ಉಳಿಯುವ ಪೊಟ್ಟಣದ ಆಹಾರವನ್ನು ನೆಚ್ಚಿಕೊಂಡರು. ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ತಿನ್ನಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಇವರ ಮುಂದಿಟ್ಟು ಪ್ರಯೋಜನವಿರಲಿಲ್ಲ, ಏಕೆಂದರೆ ಇಲ್ಲಿ ಕೊರತೆಯಿದ್ದದ್ದು ತಿಳಿವಳಿಕೆಯದಲ್ಲ, ಹಣದ್ದು.

ಸಮೀಕ್ಷೆಗಳ ಫಲಿತಾಂಶಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಲಾಕ್‌ಡೌನ್ ವೇಳೆಯ ಅಧ್ಯಯನಗಳಲ್ಲಿ ಬಹುಪಾಲು ಆನ್‌ಲೈನ್ ಪ್ರಶ್ನಾವಳಿಗಳಾಗಿದ್ದವು. ಉತ್ತರಿಸಿದವರು ತಾವಾಗಿಯೇ ಮುಂದೆ ಬಂದವರು. ತಿಂದದ್ದನ್ನೂ ತೂಕವನ್ನೂ ನೆನಪಿನಿಂದ ಹೇಳಿದವರು. ಆದ್ದರಿಂದ ಅಂಥ ವರದಿಯೊಂದನ್ನು ಓದುವಾಗ ಶೇಕಡಾವಾರು ಲೆಕ್ಕಕ್ಕಿಂತ ಮೊದಲು, ಉತ್ತರಿಸಿದವರಲ್ಲಿ ಎಷ್ಟು ಮಂದಿ ಆಗ ಕುಟುಂಬದೊಡನೆ ಇದ್ದರು ಎಂಬುದನ್ನು ನೋಡುವುದು ಒಳಿತು.