ಒಳಗಿನಿಂದ ಹಾಕುವ ಬಟ್ಟೆ ತೇಪೆ

ದಾವಣಗೆರೆ–ಚಿತ್ರದುರ್ಗದ ನಡುವೆ ಹೆದ್ದಾರಿ 48ರಲ್ಲಿ ಓಡಾಡುವವರು ಲಾರಿಯ ಹಿಂಬದಿಗೆ ನುಗ್ಗಿದ ಕಾರುಗಳನ್ನು ನೋಡಿಯೇ ಇರುತ್ತಾರೆ. ಕೆಲವೊಮ್ಮೆ ಚಾಲಕನ ಮೈಮೇಲೆ ಜಾಸ್ತಿ ಗಾಯ ಕಾಣುವುದಿಲ್ಲ, ಮಾತೂ ಆಡುತ್ತಾನೆ. ಆದರೆ ಎದೆಯೊಳಗೆ ಮಹಾಪಧಮನಿ ಹರಿದಿರಬಹುದು.

ಇದು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ಕೊಡೆಯ ಹಿಡಿಯಂತೆ ಬಾಗಿ ಬೆನ್ನೆಲುಬಿನ ಪಕ್ಕ ಇಳಿಯುತ್ತದೆ. ಬಾಗಿದ ಭಾಗ ಸ್ವಲ್ಪ ಅಲುಗುತ್ತದೆ, ಇಳಿಯುವ ಭಾಗ ಬಿಗಿಯಾಗಿ ಕೂತಿರುತ್ತದೆ. ಗಾಡಿ ಗಕ್ಕನೆ ನಿಂತಾಗ ಹೆಚ್ಚಾಗಿ ಹರಿಯುವುದು ಇವೆರಡೂ ಸೇರುವ ಕಡೆ. 1958ರ ಅಮೆರಿಕದ ಅಧ್ಯಯನವೊಂದರಲ್ಲಿ, ಹೀಗಾದ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಿದ್ದರು.

ಉಳಿದವರಿಗೆ ಆಗ ಇದ್ದ ದಾರಿ ಒಂದೇ. ಎದೆ ತೆರೆದು, ರಕ್ತ ನಿಲ್ಲಿಸಲು ನಾಳಕ್ಕೆ ಕ್ಲ್ಯಾಂಪ್ ಎಂಬ ಇಕ್ಕಳ ಹಾಕಿ, ಹರಿದ ಜಾಗಕ್ಕೆ ಬಟ್ಟೆಯ ಕೊಳವೆ ಹೊಲಿಯುವುದು. ಹೌದು, ಬಟ್ಟೆಯೇ. 1950ರ ದಶಕದಲ್ಲಿ ಅಮೆರಿಕದ ಸರ್ಜನ್ ಮೈಕೆಲ್ ಡಿಬೇಕಿ ಅಂಗಡಿಯಿಂದ ಡ್ಯಾಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಮೆಷಿನ್‌ನಲ್ಲಿ ಇಂಥ ಕೊಳವೆ ಹೊಲಿದಿದ್ದರು. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರಾಗಿದ್ದ ದಾವಣಗೆರೆಯವರಿಗೆ ಇದು ಅಚ್ಚರಿ ಅನಿಸದು, ಅಲ್ವಾ?

ಆದರೆ ಕ್ಲ್ಯಾಂಪ್ ಹಾಕಿದ ಹೊತ್ತಿನಲ್ಲಿ ಬೆನ್ನುಹುರಿಗೆ ರಕ್ತ ಸಾಲುತ್ತಿರಲಿಲ್ಲ. ಜೀವ ಉಳಿದರೂ ಕೆಲವರ ಕಾಲಿನ ಸ್ವಾಧೀನ ಹೋಗುತ್ತಿತ್ತು.

1987ರಲ್ಲಿ ಸೋವಿಯತ್ ಉಕ್ರೇನ್‌ನ ಖಾರ್ಕಿವ್ ನಗರದ ಸರ್ಜನ್ ನಿಕೊಲಾಯ್ ವೊಲೊಡೋಸ್ ದಾರಿಯನ್ನೇ ಬದಲಿಸಿದರು. ಬಟ್ಟೆಯ ಕೊಳವೆಗೆ ಲೋಹದ ಸ್ಪ್ರಿಂಗ್ ಜೋಡಿಸಿ, ಮಡಚಿ, ರಕ್ತನಾಳದೊಳಗಿಂದಲೇ ಎದೆಯವರೆಗೆ ಸಾಗಿಸಿದರು. ಅಲ್ಲಿ ಅದು ಬಿಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿತು, ಅಂಗಿಗೆ ಲೈನಿಂಗ್ ಕೊಟ್ಟ ಹಾಗೆ. ಆ ರೋಗಿಗೆ ಹಳೆಯ ಪೆಟ್ಟಿನಿಂದಲೇ ನಾಳ ಉಬ್ಬಿತ್ತು. ವೊಲೊಡೋಸ್ ಇದನ್ನು ಬರೆದದ್ದು ರಷ್ಯನ್ ಭಾಷೆಯಲ್ಲಿ. ಹೊರಗಿನವರು ಬಹುಕಾಲ ಓದಲೇ ಇಲ್ಲ. 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸರ್ಜನ್ ಹುವಾನ್ ಪರೋಡಿ ಹೊಟ್ಟೆಯ ಭಾಗದಲ್ಲಿ ಇಂಥದ್ದೇ ಚಿಕಿತ್ಸೆ ಮಾಡಿದಾಗ ಜಗತ್ತು ತಿರುಗಿ ನೋಡಿತು. ಕನ್ನಡದಲ್ಲಿ ಬರೆಯುವ ನನಗೆ ವೊಲೊಡೋಸ್ ಕಥೆ ಓದಿದಾಗಲೆಲ್ಲ ಸಂಕಟವಾಗುತ್ತದೆ.

ಮುಂದಿನದು ಬೇಗ ನಡೆಯಿತು. ಅಮೆರಿಕದಲ್ಲಿ 1997ರ ವರದಿಯಲ್ಲಿ, ಎದೆ ತೆರೆದು ಚಿಕಿತ್ಸೆ ಮಾಡಿದವರ ಪೈಕಿ ಕಾಲಿನ ಸ್ವಾಧೀನ ಹೋದವರು ನೂರಕ್ಕೆ 8.7. ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಸ್ಟೆಂಟ್ ಗ್ರಾಫ್ಟ್ (ಒಳಗಿನಿಂದ ಹಾಕುವ ಇಂಥ ಕೊಳವೆ) ಹಾಕಿದ್ದ 2008ರ ವರದಿಯಲ್ಲಿ 1.6.

ಈಗ ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದ ಹೋಗುತ್ತಾರೆ. ಒಳಪದರ ಮಾತ್ರ ಚೂರು ಹರಿದಿದ್ದರೆ ಬಿಪಿ ಇಳಿಸುವ ಔಷಧಿ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ ಕಾಯುವುದೂ ಉಂಟು. ಆದರೆ ಗಾಯ ಇದೆ ಅಂತ ಮೊದಲು ಗೊತ್ತಾಗಬೇಕು. ಬರೀ ಎಕ್ಸ್-ರೇಯಲ್ಲಿ ಅದು ತಪ್ಪಿಹೋಗಬಹುದು, ಡೈ ಕೊಟ್ಟು ಮಾಡುವ ಸಿಟಿ ಸ್ಕ್ಯಾನ್ ಬೇಕು. ಡಿಕ್ಕಿ ಜೋರಾಗಿದ್ದರೆ, "ಏನೂ ಆಗಿಲ್ಲ" ಅಂತ ಸುಮ್ನೆ ಮನೆಗೆ ಕರೆದೊಯ್ಯಬೇಡಿ.